ಕೆಲಸ ಖಾಲಿ ಇದೆ ಎಂಬ ಸುದ್ದಿ

ಚುನಾವಣೆ ಹತ್ತಿರವಾದಾಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಪದ 'ಉಮೇದುವಾರ'. ಮೂಲದಲ್ಲಿ ಇದು ಫಾರ್ಸಿ ಪದ. 'ಉಮೇದ್' ಎಂದರೆ ಆಸೆ, ಭರವಸೆ. ಆಸೆ ಇಟ್ಟುಕೊಂಡು ಕಾಯುವವನೇ ಉಮೇದುವಾರ. ಮತ ಕೇಳುವವರ ಪಾಲಾಗುವುದಕ್ಕೆ ಮೊದಲು ಈ ಪದ ಸರ್ಕಾರಿ ಕಛೇರಿಗಳಲ್ಲಿ ನೌಕರಿಗಾಗಿ ಕಾದು ಕುಳಿತವರದಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗುಮಾಸ್ತೆಯಾಗಬೇಕೆಂದಿದ್ದ ಹುಡುಗ ಅರ್ಜಿಯೊಂದನ್ನು ಅಂಚೆಗೆ ಹಾಕಿ ಮನೆಯಲ್ಲಿ ಕೂರುವಂತಿರಲಿಲ್ಲ. ಯಾರಾದರೂ ಗುರುತಿನವರ ಕೈ ಹಿಡಿದು ಕಛೇರಿಯ ಒಳಗೆ ಹೋಗಬೇಕು. ಒಂದು ಮೂಲೆಯಲ್ಲಿ ಕುಳಿತು ಸಂಬಳವಿಲ್ಲದೆ ಕಾಗದಗಳ ನಕಲು ತೆಗೆಯಬೇಕು, ಲೆಕ್ಕ ಬರೆಯುವುದನ್ನು ಕಲಿಯಬೇಕು, ಮೇಲಿನವರ ಕಣ್ಣಿಗೆ ಬೀಳುತ್ತಿರಬೇಕು. ಯಾರೋ ನಿವೃತ್ತರಾದಾಗ, ಇಲ್ಲವೇ ತೀರಿಕೊಂಡಾಗ, ಆ ಜಾಗ ಇವನಿಗೆ ಸಿಕ್ಕರೂ ಸಿಗಬಹುದು.

ಇದನ್ನು ಬಿಟ್ಟಿ ದುಡಿಮೆ ಎನ್ನಬಹುದು. ಆದರೆ ಉಮೇದುವಾರನಿಗೆ ಅಲ್ಲಿ ಸಂಬಳಕ್ಕಿಂತ ದೊಡ್ಡ ವಸ್ತುವೊಂದು ಸಿಗುತ್ತಿತ್ತು. ಯಾವ ಹುದ್ದೆ ಯಾವಾಗ ಖಾಲಿಯಾಗಲಿದೆ ಎಂಬ ಸುದ್ದಿ ಅವನಿಗೆ ಊರಿಗೆಲ್ಲ ಮೊದಲೇ ತಿಳಿಯುತ್ತಿತ್ತು. ಕಛೇರಿಯ ಹೊರಗಿದ್ದವನಿಗೆ ಅದು ಗೊತ್ತಾಗುವ ಹೊತ್ತಿಗೆ ಜಾಗ ತುಂಬಿರುತ್ತಿತ್ತು. ವರ್ಷಗಟ್ಟಲೆ ಸಂಬಳವಿಲ್ಲದೆ ಕಾಯಲು ಮನೆಯಲ್ಲಿ ಅನ್ನಕ್ಕೆ ದಾರಿ ಇರಬೇಕು, ಒಳಗೆ ಬಿಡಿಸಿಕೊಳ್ಳಲು ನೆಂಟನೋ ಜಾತಿಯವನೋ ಒಳಗಿರಬೇಕು. ಇವೆರಡೂ ಇಲ್ಲದವನು ಎಷ್ಟೇ ಬುದ್ಧಿವಂತನಾದರೂ ಅವನ ಆಸೆ ಜಗಲಿಯ ತನಕ ಮಾತ್ರ.

ನಿರುದ್ಯೋಗದ ಚರ್ಚೆಯಲ್ಲಿ ಹುದ್ದೆಗಳೆಷ್ಟು, ಓದಿದವರೆಷ್ಟು ಎಂಬ ಲೆಕ್ಕವೇ ಹೆಚ್ಚಾಗಿ ಕೇಳಿಬರುತ್ತದೆ. ಖಾಲಿ ಹುದ್ದೆಯ ಸುದ್ದಿ ಯಾರಿಗೆ, ಯಾವ ದಾರಿಯಲ್ಲಿ ತಲುಪುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಆ ದಾರಿಯನ್ನು ಎಲ್ಲರಿಗೂ ತೆರೆಯಲು ಸುಮಾರು ನೂರಮೂವತ್ತು ವರ್ಷಗಳಿಂದ ಬಗೆಬಗೆಯ ಪ್ರಯತ್ನಗಳು ನಡೆದಿವೆ. ಅವುಗಳಲ್ಲಿ ಕೆಲವು ಮೈಸೂರಿನ ನೆಲದಲ್ಲೇ ನಡೆದವು.

ಮೈಸೂರಿನ ಪರೀಕ್ಷೆ

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಸಾರಿದ್ದ. ಶಾಲೆಯ ಓದಿಗೂ ನೌಕರಿಗೂ ಗಂಟು ಬಿದ್ದದ್ದು ಆಗಲೇ. ಮೈಸೂರು ಸಂಸ್ಥಾನಕ್ಕೆ ಈ ಗಂಟಿನ ಬಿಗಿ ತಿಳಿದದ್ದು 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದ ಮೇಲೆ. ಇಂಗ್ಲಿಷ್ ಪದವಿ ಪಡೆದವರು ಮದ್ರಾಸ್ ಪ್ರಾಂತದಲ್ಲಿ ಹೆಚ್ಚಾಗಿದ್ದರು. ದೊಡ್ಡ ಹುದ್ದೆಗಳಿಗೆ ಅಲ್ಲಿಂದ ಬಂದವರೇ ತುಂಬುತ್ತಿದ್ದಾರೆ ಎಂಬ ಅಸಮಾಧಾನ ಸ್ಥಳೀಯರಲ್ಲಿ ಬೆಳೆಯಿತು. 'ಮೈಸೂರು ಮೈಸೂರಿಗರಿಗೆ' ಎಂಬ ಕೂಗು ಎದ್ದದ್ದು ಈ ಜಗಳದಲ್ಲಿ. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಆರಂಭವಾಯಿತು.

ಪರೀಕ್ಷೆ ಎಂದರೆ ಬರೀ ಪ್ರಶ್ನೆಪತ್ರಿಕೆ ಅಲ್ಲ. ಹುದ್ದೆ ಇದೆ, ಇಂಥ ದಿನ ಪರೀಕ್ಷೆ ಇದೆ ಎಂಬುದನ್ನು ಸರ್ಕಾರ ಮೊದಲೇ ಎಲ್ಲರಿಗೂ ಹೇಳಬೇಕು. ಹಾಗೆ ಹೇಳಿದ್ದರ ಫಲವಾಗಿ ಯಾವ ದೊಡ್ಡವರ ನೆರಳೂ ಇಲ್ಲದ ಕೆಲವರು ಮೇಲಕ್ಕೆ ಬಂದರು. ಬಡತನದಲ್ಲಿ ಓದಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಈ ಪರೀಕ್ಷೆಯಲ್ಲಿ ಗೆದ್ದು ಅಸಿಸ್ಟೆಂಟ್ ಕಮಿಷನರ್ ಆದರು. ಮುಂದೆ ತಮಗಿಂತ ಕಿರಿಯರೊಬ್ಬರನ್ನು ಮೇಲಿನ ಸ್ಥಾನಕ್ಕೆ ಏರಿಸಿದಾಗ, 1943ರಲ್ಲಿ, ಅವರೇ ಕೆಲಸ ಬಿಟ್ಟು ಬಂದರು. ಬಾಗಿಲಲ್ಲಿ ಪರೀಕ್ಷೆ ಇದ್ದರೂ ಒಳಗಿನ ಮೆಟ್ಟಿಲುಗಳ ಲೆಕ್ಕವೇ ಬೇರೆ ಇತ್ತು.

ಪರೀಕ್ಷೆಯ ಬಾಗಿಲಿಗೆ ಬರುವ ದಾರಿಯೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಇಂಗ್ಲಿಷ್ ಶಾಲೆಗೆ ಮೊದಲು ಹೋದವರು ಬಹುಪಾಲು ಬ್ರಾಹ್ಮಣರ ಮಕ್ಕಳು. ಹಾಗಾಗಿ ಗೆದ್ದವರೂ ಅವರೇ. 1917ರಲ್ಲಿ ಹುಟ್ಟಿದ ಪ್ರಜಾ ಮಿತ್ರ ಮಂಡಳಿ ಈ ಪ್ರಶ್ನೆಯನ್ನು ಮಹಾರಾಜರ ಮುಂದಿಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ಹೋಗಬೇಕೆಂದು ಸಮಿತಿ ಹೇಳಿತು. 1921ರಲ್ಲಿ ಆದೇಶ ಹೊರಟಿತು. ಇದಕ್ಕೆ ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ಅಧಿಕಾರ ಬಿಟ್ಟಾಗಿತ್ತು. ವಿದ್ಯೆಯನ್ನು ಹರಡಿದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ ಎಂಬುದು ಅವರ ನಿಲುವು. ಆದರೆ ವಿದ್ಯೆ ಹರಡುವ ತನಕ ಹುದ್ದೆಗಳು ಖಾಲಿ ಕೂರುವುದಿಲ್ಲವಲ್ಲ! ಆ ಮಟ್ಟಿಗೆ ಸಮಿತಿಯ ಲೆಕ್ಕವೇ ವಾಸ್ತವಕ್ಕೆ ಹತ್ತಿರವಾಗಿತ್ತು.

ಊರಿನವರ ಕೊಂಡಿ

ಸರ್ಕಾರದ ಹೊರಗೆ ಕೆಲಸ ಹುಡುಕುವವರಿಗೆ ಪರೀಕ್ಷೆಯೂ ಇರಲಿಲ್ಲ, ಪ್ರಕಟಣೆಯೂ ಇರಲಿಲ್ಲ. ಅವರಿಗಿದ್ದದ್ದು ಊರಿನವರು. ದಕ್ಷಿಣ ಕನ್ನಡದ ಹಳ್ಳಿಯಿಂದ ಒಬ್ಬ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ನೆಲೆ ಕಂಡುಕೊಂಡರೆ, ಎರಡು ವರ್ಷದಲ್ಲಿ ಅವನ ತಮ್ಮ, ಆಮೇಲೆ ಭಾವಮೈದ, ಆಮೇಲೆ ಪಕ್ಕದ ಮನೆಯ ಹುಡುಗ ಹೀಗೆ ಒಬ್ಬರ ಹಿಂದೆ ಒಬ್ಬರು ಹೊರಡುತ್ತಿದ್ದರು. ಕಾರ್ಡಿನಲ್ಲಿ ಬಂದ ಎರಡು ಸಾಲು ಸುದ್ದಿಯೇ ನೇಮಕಾತಿ ಆದೇಶ. ಉಳಿಯಲು ಜಾಗ, ಊಟ, ನಗರದ ಭಾಷೆ ಕಲಿಸುವವರು ಎಲ್ಲವೂ ಆ ಕೊಂಡಿಯಲ್ಲೇ ಸಿಗುತ್ತಿದ್ದವು. ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ದೊಡ್ಡ ಪರಂಪರೆಯೇ ಮುಂಬಯಿಯಲ್ಲಿದೆ.

ಇದನ್ನು ಶಿಫಾರಸು ಎಂದು ಮೂಗು ಮುರಿಯುವುದು ಸುಲಭ. ಕೈಯಲ್ಲಿ ಏನೂ ಇಲ್ಲದವನಿಗೆ ಅದೇ ಊರುಗೋಲಾಗಿತ್ತು ಎಂಬುದೂ ನಿಜ. ತೊಂದರೆ ಇರುವುದು ಕೊಂಡಿಯ ಹೊರಗೆ ಉಳಿದವರಿಗೆ. ಯಾವ ಮನೆಯಿಂದ ಮೊದಲು ಒಬ್ಬನೂ ಹೋಗಿಲ್ಲವೋ ಆ ಮನೆಗೆ ಕಾರ್ಡು ಬರುವುದೇ ಇಲ್ಲ.

ಯುದ್ಧ ಮುಗಿದ ಮೇಲೆ

ಕೈಗಾರಿಕೆ ಬೆಳೆದ ದೇಶಗಳಿಗೆ ಈ ಸಮಸ್ಯೆ ಮೊದಲೇ ಎದುರಾಗಿತ್ತು. ಇಂಗ್ಲೆಂಡಿನ ಕಾರ್ಮಿಕರು ಕೆಲಸ ಕೇಳುತ್ತ ಒಂದು ಕಾರ್ಖಾನೆಯ ಗೇಟಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದರು. ದವಸಕ್ಕೆ, ದನಕ್ಕೆ ಸಂತೆ ಇದೆ. ದುಡಿಮೆ ಕೊಡುವವರೂ ಕೊಳ್ಳುವವರೂ ಸೇರುವ ಒಂದು ಜಾಗ ಮಾತ್ರ ಇಲ್ಲ ಎಂಬ ಅರ್ಥದ ವಾದವನ್ನು ಮುಂದಿಟ್ಟವರು ವಿಲಿಯಂ ಬೆವರಿಜ್. ಬಂಗಾಳದ ರಂಗಪುರದಲ್ಲಿ ಹುಟ್ಟಿದವರು ಅವರು. ಅವರನ್ನು ಕರೆಸಿಕೊಂಡು 1909ರಲ್ಲಿ ಲೇಬರ್ ಎಕ್ಸ್‌ಚೇಂಜ್ ಕಾಯ್ದೆ ತಂದ ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಅದಕ್ಕೂ ಹನ್ನೆರಡು ಹದಿಮೂರು ವರ್ಷಗಳ ಹಿಂದೆ ಬೆಂಗಳೂರಿನ ದಂಡಿನಲ್ಲಿ ಸೈನ್ಯಾಧಿಕಾರಿಯಾಗಿದ್ದು, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಅದೇ ಚರ್ಚಿಲ್! 1910ರ ಫೆಬ್ರವರಿ 1ರಂದು ಅಲ್ಲಿನ ಮೊದಲ ಕಛೇರಿಗಳು ತೆರೆದವು.

ಭಾರತಕ್ಕೆ ಇದು ಬಂದದ್ದು ಮೂವತ್ತೈದು ವರ್ಷ ತಡವಾಗಿ, ಅದೂ ಸೈನಿಕರ ಸಲುವಾಗಿ. ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸಿಪಾಯಿಗಳು ಮನೆಗೆ ಮರಳಬೇಕಾಗಿತ್ತು. ಬಂದೂಕು ಬಿಟ್ಟ ಕೈಗಳಿಗೆ ಕೆಲಸ ಕೊಡದಿದ್ದರೆ ಏನಾದೀತೆಂಬ ಹೆದರಿಕೆ ಸರ್ಕಾರಕ್ಕಿತ್ತು. 1945ರ ಜುಲೈಯಲ್ಲಿ ಪುನರ್ವಸತಿ ಮತ್ತು ಉದ್ಯೋಗದ ನಿರ್ದೇಶನಾಲಯ ಆರಂಭವಾಯಿತು, ಅದರ ಕೆಳಗೆ ಉದ್ಯೋಗ ವಿನಿಮಯ ಕಛೇರಿಗಳು ತೆರೆದವು. ಎರಡು ವರ್ಷದಲ್ಲಿ ದೇಶ ಒಡೆದು ನಿರಾಶ್ರಿತರು ಬಂದಾಗ ಅವರೂ ಇದೇ ಸಾಲಿನಲ್ಲಿ ನಿಂತರು. ಎಲ್ಲ ನಾಗರಿಕರಿಗೂ ಬಾಗಿಲು ತೆರೆದದ್ದು 1948ರಲ್ಲಿ.

ಕಛೇರಿಗಳನ್ನು ಮುಂದುವರಿಸಬೇಕೆ, ಮುಚ್ಚಬೇಕೆ ಎಂಬ ಪ್ರಶ್ನೆ ಬಂತು. ಇದನ್ನು ನೋಡಲು 1952ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ಶಿವರಾಯರು. ಪತ್ರಕರ್ತರು, ಕಾರ್ಮಿಕ ಸಂಘಟಕರು, ಸಂವಿಧಾನ ಸಭೆಯ ಸದಸ್ಯರು. ಸಂವಿಧಾನದ ಕರಡಿಗೆ ಸಲಹೆಗಾರರಾಗಿದ್ದ ಬಿ.ಎನ್. ರಾಯರ ತಮ್ಮ. ಕಾರ್ಖಾನೆ ಕೂಲಿಗಾರರ ಬದುಕಿನ ಬಗ್ಗೆ ಅವರು ಮೊದಲೇ ಪುಸ್ತಕ ಬರೆದಿದ್ದರು. 1954ರಲ್ಲಿ ಬಂದ ಶಿವರಾವ್ ಸಮಿತಿಯ ವರದಿ, ವಿನಿಮಯ ಕಛೇರಿಗಳು ಶಾಶ್ವತವಾಗಿ ಇರಬೇಕು, ನಿತ್ಯದ ಆಡಳಿತವನ್ನು ರಾಜ್ಯಗಳಿಗೆ ಬಿಡಬೇಕು ಎಂದಿತು. ಹಾಗೆ ಕಛೇರಿಗಳು ರಾಜ್ಯಗಳ ಕೈಗೆ ಬಂದ ದಿನ 1956ರ ನವೆಂಬರ್ 1. ಕನ್ನಡನಾಡು ಒಂದಾದ ದಿನವೇ ಕನ್ನಡಿಗರಿಗೆ ಕೆಲಸ ಹುಡುಕಿಕೊಡುವ ಕಛೇರಿಯೂ ರಾಜ್ಯದ್ದಾಯಿತು ಎಂಬುದು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿಬರುವುದು ಅಪರೂಪ.

ಹೇಳಬೇಕು, ತೆಗೆದುಕೊಳ್ಳಬೇಕಿಲ್ಲ

ಇದರ ಬೆನ್ನಿಗೆ ಬಂದದ್ದು 1959ರ ಕಾಯ್ದೆ. 1960ರ ಮೇ 1ರಿಂದ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಸರ್ಕಾರಿ ವಲಯದ ಎಲ್ಲ ಸಂಸ್ಥೆಗಳೂ, 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಯನ್ನು ತುಂಬುವ ಮೊದಲು ವಿನಿಮಯ ಕಛೇರಿಗೆ ತಿಳಿಸಬೇಕಿತ್ತು. ತಿಳಿಸದಿದ್ದರೆ ದಂಡ. ಎಷ್ಟು? ಮೊದಲ ಸಲ 500 ರೂಪಾಯಿಯವರೆಗೆ, ಆಮೇಲೆ ಪ್ರತಿ ಸಲಕ್ಕೆ 1000 ರೂಪಾಯಿಯವರೆಗೆ. ಹೊಲದ ಕೆಲಸ, ಮನೆಗೆಲಸ, ಮೂರು ತಿಂಗಳಿಗೆ ಕಡಿಮೆ ಅವಧಿಯ ಕೆಲಸ, ಕೌಶಲ ಬೇಡದ ಕಛೇರಿ ಕೆಲಸ ಇವಕ್ಕೆಲ್ಲ ವಿನಾಯಿತಿ. ಅಂದರೆ ದೇಶದ ಬಹುಪಾಲು ದುಡಿಮೆ ಮೊದಲೇ ಕಾಯ್ದೆಯ ಹೊರಗೆ.

ಕಾಯ್ದೆಯ ತಿರುಳು ಇನ್ನೊಂದು ಕಡೆ ಇದೆ. ತಿಳಿಸುವುದು ಕಡ್ಡಾಯವಾಗಿತ್ತು, ಕಛೇರಿ ಕಳಿಸಿದವರನ್ನು ತೆಗೆದುಕೊಳ್ಳುವುದು ಕಡ್ಡಾಯವಾಗಿರಲಿಲ್ಲ. ಇದನ್ನು ಕಾಯ್ದೆಯೇ ಬಾಯಿಬಿಟ್ಟು ಹೇಳಿತ್ತು. ಕೆಲಸ ಕೊಡಿಸುವ ಭರವಸೆಯನ್ನು ಸರ್ಕಾರ ಎಂದೂ ಕೊಟ್ಟಿರಲಿಲ್ಲ. ಸುದ್ದಿಯನ್ನು ಮುಚ್ಚಿಡಬೇಡಿ ಎಂದಷ್ಟೇ ಮಾಲೀಕರಿಗೆ ಹೇಳಿತ್ತು. ಸಾಲಿನಲ್ಲಿ ನಿಂತ ಹುಡುಗರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಮೊದಲ ಕೆಲಸ 'ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್'ನಲ್ಲಿ ಹೆಸರು ಬರೆಸುವುದು. ಅಂಕಪಟ್ಟಿ ನೋಡಿ ಗುಮಾಸ್ತರು ಎಕ್ಸ್-1 ಎಂಬ ಕಾರ್ಡನ್ನು ತುಂಬುತ್ತಿದ್ದರು. ಅದು ಕಛೇರಿಯಲ್ಲೇ ಉಳಿಯುತ್ತಿತ್ತು. ಅಭ್ಯರ್ಥಿಯ ಕೈಗೆ ಬರುತ್ತಿದ್ದದ್ದು ನೋಂದಣಿ ಸಂಖ್ಯೆ ಇರುವ ಎಕ್ಸ್-10 ಕಾರ್ಡು. ದೇಶದ ಎಲ್ಲ ಕಸುಬುಗಳನ್ನೂ ಅಂಕೆಗಳಲ್ಲಿ ವಿಂಗಡಿಸಿದ ಪಟ್ಟಿಯೊಂದಿತ್ತು. ಅದರಂತೆ ಟೈಪಿಸ್ಟನಿಗೊಂದು ಸಂಖ್ಯೆ, ಫಿಟ್ಟರನಿಗೊಂದು, ಮೇಷ್ಟರಿಗೊಂದು. ಹುದ್ದೆಯ ಸೂಚನೆ ಬಂದಾಗ ಆ ಸಂಖ್ಯೆಯ ಕಾರ್ಡುಗಳನ್ನು ತೆಗೆದು, ನೋಂದಣಿಯ ಹಿರಿತನ ನೋಡಿ ಹೆಸರು ಕಳಿಸುವುದು. ನವೀಕರಣದ ತಾರೀಖು ಮರೆತರೆ ಹಿರಿತನ ಹೋಯಿತು! ಹಾಗಾಗಿ ಮದುವೆಯಾಗಿ ಮಕ್ಕಳಾದವರೂ ಆ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಿದ್ದರು.

ಬೆಂಗಳೂರಿನ ಮಟ್ಟಿಗೆ ಈ ಕಾರ್ಡಿಗೆ ಬೆಲೆಯೂ ಇತ್ತು. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇವುಗಳ ಕೆಳಹಂತದ ನೇಮಕಗಳಿಗೆ ವಿನಿಮಯ ಕಛೇರಿಯೇ ಮುಖ್ಯ ದಾರಿ. 1961ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ಸೂಕ್ಷ್ಮ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಊಟ, ಕಾಲೋನಿಯಲ್ಲಿ ಮನೆ. ಒಂದು ತಲೆಮಾರು 'ಕೆಲಸ' ಎಂದು ಕರೆದದ್ದು ಇದನ್ನೇ.

ಕೆಲಸಕ್ಕೆ ಕಾಯುವುದರ ಸುತ್ತ ಬೇರೆಯೇ ಒಂದು ವ್ಯಾಪಾರ ಬೆಳೆದಿತ್ತು. ಊರೂರಿನ ಮುಖ್ಯ ಬೀದಿಯ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟು. ಜೂನಿಯರ್, ಸೀನಿಯರ್, ಶೀಘ್ರಲಿಪಿ. ಅಂಚೆ ಕಛೇರಿಯಲ್ಲಿ ಪೋಸ್ಟಲ್ ಆರ್ಡರು, ಸ್ವವಿಳಾಸದ ಲಕೋಟೆ. ಪ್ರಮಾಣಪತ್ರಗಳ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ. 1976ರಲ್ಲಿ ಕೇಂದ್ರ ಸರ್ಕಾರ 'ಎಂಪ್ಲಾಯ್‌ಮೆಂಟ್ ನ್ಯೂಸ್' ವಾರಪತ್ರಿಕೆ ತಂದ ಮೇಲೆ, ವಾಚನಾಲಯಗಳಲ್ಲಿ ಅದನ್ನು ಮೊದಲು ಹಿಡಿಯಲು ಪೈಪೋಟಿ. ಹೆಸರಿಗೆ ವಿನಿಮಯ ಕಛೇರಿ, ಅಲ್ಲಿ ವಿನಿಮಯವಾಗುವುದು ವಯಸ್ಸು ಮಾತ್ರ ಎಂದು ಯಾರಾದರೂ ಗೊಣಗಿದ್ದರೆ ಅದು ತಪ್ಪೆನ್ನುವಂತಿರಲಿಲ್ಲ.

ಅಂಕಿಗಳೂ ಹಾಗೇ ಹೇಳುತ್ತಿದ್ದವು. 1961ರ ಕೊನೆಗೆ ದೇಶದ ವಿನಿಮಯ ಕಛೇರಿಗಳ ಚಾಲ್ತಿ ದಾಖಲೆಯಲ್ಲಿದ್ದವರು ಸುಮಾರು 18 ಲಕ್ಷ. 1991ರ ಕೊನೆಗೆ ಅದು 3 ಕೋಟಿ 63 ಲಕ್ಷದ ಆಸುಪಾಸಿಗೆ ಬಂತು. ಆ ವರ್ಷ ಕಛೇರಿಗಳ ಮೂಲಕ ಕೆಲಸ ಸಿಕ್ಕವರು ಮೂರು ಲಕ್ಷವೂ ಇಲ್ಲ. ನೂರು ಮಂದಿಗೆ ಒಂದು ಕೆಲಸವೂ ಬರಲಿಲ್ಲ. ಈ ಪಟ್ಟಿಯನ್ನು ನಿರುದ್ಯೋಗಿಗಳ ಪಟ್ಟಿ ಎಂದು ಪೂರ್ತಿ ನಂಬುವಂತೆಯೂ ಇರಲಿಲ್ಲ. ಕೆಲಸದಲ್ಲಿದ್ದು ಇನ್ನೂ ಒಳ್ಳೆಯದಕ್ಕೆ ಕಾಯುವವರು, ಇನ್ನೂ ಓದುತ್ತಿರುವವರು ಅದರಲ್ಲಿ ಸೇರಿದ್ದರು. ಜಿಲ್ಲಾ ಕೇಂದ್ರಕ್ಕೆ ಬಸ್ ಹಿಡಿದು ಬರಲಾಗದ ಹಳ್ಳಿಯ ಕೂಲಿಯವನ ಹೆಸರು ಮಾತ್ರ ಇರಲಿಲ್ಲ.

ಇತ್ತ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಪಾಲು ಸಿಗುತ್ತಿಲ್ಲ ಎಂಬ ದೂರು 1960ರ ದಶಕದಿಂದಲೂ ಇತ್ತು. ಗೋಕಾಕ್ ಚಳವಳಿಯ ಬಿಸಿ ಆರುವ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರ ಸರೋಜಿನಿ ಮಹಿಷಿ ಸಮಿತಿಯನ್ನು ನೇಮಿಸಿತು. ಸಮಿತಿ ಕೊಟ್ಟ ಶಿಫಾರಸುಗಳು 58. ಕೇಂದ್ರದ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಹುದ್ದೆಗಳು ಕನ್ನಡಿಗರಿಗೇ ಸೇರಬೇಕೆಂಬುದು ಅವುಗಳಲ್ಲಿ ಮುಖ್ಯವಾದದ್ದು. ವರದಿ ಕೈಗೆ ಬರುವ ಹೊತ್ತಿಗೆ ಆ ಉದ್ದಿಮೆಗಳಲ್ಲಿ ಹೊಸ ನೇಮಕಗಳ ಕಾಲ ಮುಗಿಯುತ್ತ ಬಂದಿತ್ತು ಎಂಬುದು ವಿಪರ್ಯಾಸ.

ಕೋರ್ಟಿನ ಎರಡು ಮಾತು

ಸುದ್ದಿಯ ಪ್ರಶ್ನೆ ಎರಡು ಸಲ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1987ರಲ್ಲಿ ಹರಗೋಪಾಲ್ ಮೊಕದ್ದಮೆಯಲ್ಲಿ ನ್ಯಾಯಾಲಯ, ವಿನಿಮಯ ಕಛೇರಿಯ ಮೂಲಕವೇ ನೇಮಕ ಮಾಡಬೇಕೆಂದು 1959ರ ಕಾಯ್ದೆ ಹೇಳುವುದಿಲ್ಲ ಎಂದಿತು. ಆದರೆ ಸರ್ಕಾರಿ ಇಲಾಖೆಗಳು ಹಾಗೆ ನಿಯಮ ಮಾಡಿಕೊಂಡರೆ ತಪ್ಪಿಲ್ಲ, ಹಿಂಬಾಗಿಲಿನ ನೇಮಕಕ್ಕಿಂತ ಅದು ವಾಸಿ ಎಂಬುದು ಆಗಿನ ದೃಷ್ಟಿ. ಒಂಬತ್ತು ವರ್ಷದ ಬಳಿಕ, 1996ರಲ್ಲಿ, ಆಂಧ್ರದ ಅಬಕಾರಿ ಇಲಾಖೆಯ ನೇಮಕದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿನಿಮಯ ಕಛೇರಿಯಿಂದ ಹೆಸರು ತರಿಸಿಕೊಳ್ಳಿ, ಜೊತೆಗೆ ಪತ್ರಿಕೆಗಳಲ್ಲೂ ಪ್ರಕಟಿಸಿ, ರೇಡಿಯೊ, ಟಿವಿಯಲ್ಲೂ ಸಾರಿ, ನೇರವಾಗಿ ಅರ್ಜಿ ಹಾಕಿದವರನ್ನೂ ಪರಿಗಣಿಸಿ ಎಂದಿತು. ಅರ್ಹನಾಗಿದ್ದೂ ತನ್ನ ಹೆಸರು ಪಟ್ಟಿಯಲ್ಲಿ ಬಾರದ್ದರಿಂದಲೇ ಅವಕಾಶ ತಪ್ಪಿದವನ ಪರವಾಗಿ ಬಂದ ಮಾತು ಇದು. ಕಾರ್ಡಿನ ಏಕಸ್ವಾಮ್ಯ ಅಲ್ಲಿಗೆ ಮುಗಿಯಿತು. ಮೊದಲೇ ಸೊರಗಿದ್ದ ಕಛೇರಿಗಳ ಮುಂದಿನ ಸಾಲೂ ಕ್ರಮೇಣ ಕರಗಿತು.

ಅಷ್ಟರಲ್ಲಿ ಬೆಂಗಳೂರು ಬೇರೆ ಬಗೆಯ ನೌಕರಿಗೆ ತೆರೆದುಕೊಂಡಿತ್ತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತ್ತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಿತ್ತು. ಈ ಕಂಪನಿಗಳು ನೇರವಾಗಿ ಎಂಜಿನಿಯರಿಂಗ್ ಕಾಲೇಜಿಗೇ ಹೋಗಿ ಹುಡುಗರನ್ನು ಆರಿಸಿಕೊಳ್ಳತೊಡಗಿದವು. 1997ರಲ್ಲಿ 'ನೌಕರಿ ಡಾಟ್ ಕಾಂ' ಬಂದ ಮೇಲೆ ಹುದ್ದೆಯ ಸುದ್ದಿ ಕಂಪ್ಯೂಟರಿನ ಪರದೆಗೆ ಏರಿತು. ಸುದ್ದಿ ಇಷ್ಟು ಅಗ್ಗವಾದದ್ದು ಹಿಂದೆಂದೂ ಇರಲಿಲ್ಲ. ಅದರ ಜೊತೆಗೇ ಇನ್ನೊಂದು ಪದ್ಧತಿಯೂ ಗಟ್ಟಿಯಾಯಿತು: ಕಂಪನಿಯ ನೌಕರ ತನಗೆ ಗೊತ್ತಿರುವವರನ್ನು ಸೂಚಿಸಿ, ಅವರಿಗೆ ಕೆಲಸ ಸಿಕ್ಕರೆ ಇವನಿಗೆ ಬಹುಮಾನ. 'ರೆಫರಲ್' ಎಂಬ ಈ ಏರ್ಪಾಡಿಗೂ ಮುಂಬಯಿ ಹೋಟೆಲಿನ ಕಾರ್ಡಿಗೂ ಇರುವ ನೆಂಟಸ್ತಿಕೆ ಗುರುತಿಸಲು ಕಷ್ಟವಿಲ್ಲ. ಪರದೆಯ ಮೇಲೆ ಸಾವಿರ ಅರ್ಜಿ ಬಂದು ಬಿದ್ದಾಗ, ಗುರುತಿನವರು ಹೇಳಿದ ಹೆಸರು ಮೇಲೆ ಬರುತ್ತದೆ. ಸುದ್ದಿ ಎಲ್ಲರ ಕೈಗೆ ಬಂದ ಮೇಲೆ ಬೆಲೆ ಏರಿದ್ದು ಪರಿಚಯಕ್ಕೆ. ಎಂಜಿನಿಯರಿಂಗ್ ಮುಗಿಸಿದ ಹಳ್ಳಿಯ ಮೊದಲ ಹುಡುಗಿಗೆ ಆ ಪರಿಚಯವನ್ನು ಒದಗಿಸುವ ಕಛೇರಿ ಯಾವುದೂ ಇಲ್ಲ.

ಸರ್ಕಾರವೂ ತನ್ನ ಅಂಗಡಿಯನ್ನು ಹೊಸದಾಗಿ ಜೋಡಿಸಿದೆ. 2015ರ ಜುಲೈಯಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ ಆರಂಭವಾಯಿತು. 2020ರಲ್ಲಿ ಸಂಸತ್ತು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆ 1959ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು, ವಿನಿಮಯ ಕಛೇರಿಯ ಜಾಗದಲ್ಲಿ 'ವೃತ್ತಿ ಕೇಂದ್ರ'ವನ್ನು ತಂದಿತು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದವುಗಳ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಕಂಪನಿಗಳ ಗದ್ದಲ ಕೇಳಿ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. 'ಮೈಸೂರು ಮೈಸೂರಿಗರಿಗೆ' ಎಂಬ ಕೂಗಿಗೆ ಆಗ ನೂರು ವರ್ಷ ದಾಟಿತ್ತು.

ಅದಕ್ಕೆ ಕೆಲವು ತಿಂಗಳ ಹಿಂದೆ, 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ ಯುವನಿಧಿಯ ಮೊದಲ ಕಂತು ಬಿಡುಗಡೆಯಾಗಿತ್ತು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಉಮೇದುವಾರಿಕೆಗೆ ಸರ್ಕಾರ ಸಂಬಳ ಕೊಟ್ಟಂತೆ ಇದು. ಹಣ ಪಡೆಯುವವರು ತಮಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಕಾಲಕಾಲಕ್ಕೆ ಘೋಷಿಸಿಕೊಳ್ಳಬೇಕು. ಎಕ್ಸ್-10 ಕಾರ್ಡಿನ ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದವರ ಮೊಮ್ಮಕ್ಕಳು ಈಗ ಆ ಘೋಷಣೆಯ ದಿನವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ.